ಹಗೇವು ಮತ್ತು ನೆಲಮಾಳಿಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಮನೆ ಕಟ್ಟಿಸುವವರು ಈಚೆಗೆ ನೆಲವನ್ನು ಅಗೆಸಿ ಕೆಳಗೊಂದು ಅಂತಸ್ತನ್ನು ಮಾಡಿಸುವುದು ಹೆಚ್ಚಾಗಿದೆ. ನಿವೇಶನದ ಬೆಲೆ ಏರಿದಂತೆ ಮನೆಯು ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. ಅಂಗಡಿಯವರು ಸರಕನ್ನಿಡುವುದಕ್ಕೆ, ಅಡಕೆ ಕೊಬ್ಬರಿಗಳ ವ್ಯಾಪಾರಿಗಳು ಚೀಲಗಳನ್ನು ಪೇರಿಸುವುದಕ್ಕೆ, ಗೃಹಸ್ಥರು ವಾಹನವನ್ನು ನಿಲ್ಲಿಸುವುದಕ್ಕೆ ಈ ಕೋಣೆಯನ್ನು ಬಳಸುತ್ತಾರೆ. ಇದಕ್ಕೆ ನೆಲಮಾಳಿಗೆ ಎಂದು ಹೆಸರು. ಮಾಳಿಗೆಯೆಂದರೆ ಮೇಲಿನದು, ನೆಲದ ಕೆಳಗಿನದನ್ನು ಮಾಳಿಗೆಯೆಂದು ಕರೆದ ಕನ್ನಡಿಗರ ವಿನೋದಬುದ್ಧಿಯನ್ನು ಮೆಚ್ಚಬೇಕು. ಹೆಸರೇನೋ ಚೆನ್ನಾಗಿದೆ. ಆದರೆ ಹಸ್ತ, ಚಿತ್ತೆ ಮಳೆಗಳು ಬಂದಾಗ ಈ ಮಾಳಿಗೆಗಳಲ್ಲಿ ಹಲವು ಬಾವಿಗಳಾಗುತ್ತವೆ. ಮಳೆ ನಿಂತ ಮೇಲೂ ಗೋಡೆ ಒದ್ದೆ, ಒಳಗೆ ಮುಗ್ಗಲು ವಾಸನೆ, ಇಟ್ಟ ಪದಾರ್ಥಕ್ಕೆ ಬೂಷ್ಟು.

ಆಶ್ಚರ್ಯವೆಂದರೆ, ನೆಲದೊಳಗಣ ಕೋಣೆಯನ್ನು ಒಣಗಿದಂತೆ ಇಟ್ಟುಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಈ ನಾಲ್ಕು ತಾಲ್ಲೂಕುಗಳ ರೈತರು ತಲೆಮಾರುಗಳ ಕಾಲ ತಮ್ಮ ವರ್ಷದ ಅನ್ನವನ್ನೇ ನೆಲದೊಳಗೆ ಇಟ್ಟಿದ್ದರು. ಹಗೇವು ಎಂಬುದು ಅದರ ಹೆಸರು. ಊರಿನಿಂದ ಊರಿಗೆ ಹಗ, ಹಗೆ, ಹಗವು ಎಂದೂ ಉಚ್ಚಾರ ಬದಲಾಗುತ್ತದೆ. ಹಗೆಯೆಂದರೆ ವೈರಿಯೆಂದೂ ಅರ್ಥವಿರುವುದರಿಂದ, ಹಗೆಗೆ ನೀರೇ ಹಗೆ ಎಂದು ಹೇಳಿದರೆ ಇಡೀ ಶಾಸ್ತ್ರವನ್ನು ಮೂರು ಮಾತಿನಲ್ಲಿ ಹೇಳಿದಂತಾಯಿತು. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲೆಲ್ಲ ಸಂಚರಿಸಿ, ಚಿತ್ರದುರ್ಗದ ಪ್ರಾಂತವನ್ನು ಹಾದು ಹಿರಿಯೂರಿಗೆ ಬಂದ ಫ್ರಾನ್ಸಿಸ್ ಬುಕಾನನನು ಈ ನೆಲಗಣಜಗಳ ವಿಷಯವನ್ನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿರುವನು. ಅವುಗಳಲ್ಲಿ ರಾಗಿಯು ಅನೇಕ ವರ್ಷ ಕೆಡದೆ ಉಳಿಯುವುದು ಅವನ ಗಮನಕ್ಕೆ ಬಂದಿತ್ತು. ಗೋಣಿಚೀಲ, ಉಗ್ರಾಣ, ಪಡಿತರದ ಅಂಗಡಿಗಳು ಬಂದ ಮೇಲೆ ಹಗೇವುಗಳ ಬಳಕೆ ತಪ್ಪಿತು. ಹಲವು ಮುಚ್ಚಿಹೋಗಿವೆ, ಕೆಲವು ಬೀದಿಗಳ ಕೆಳಗೆ ಮರೆತುಹೋಗಿವೆ. ಆದರೂ ಅವುಗಳ ನಿರ್ಮಾಣಕ್ರಮವನ್ನು ನೋಡಿದರೆ, ಇಂದಿನ ನೆಲಮಾಳಿಗೆ ಎಲ್ಲಿ ತಪ್ಪುತ್ತಿದೆ ಎಂಬುದು ಸ್ಪಷ್ಟವಾಗುತ್ತದೆ.

ಹಗೇವಿಗೆ ಮೊದಲು ಬೇಕಾದುದು ಜಾಗದ ಆಯ್ಕೆ. ಕೆರೆಯ ಹಿಂದೆ, ಹಳ್ಳದ ಮಗ್ಗುಲಲ್ಲಿ, ತಗ್ಗಿನ ಬೀದಿಯಲ್ಲಿ ಯಾರೂ ಅದನ್ನು ತೋಡುತ್ತಿರಲಿಲ್ಲ. ಊರ ದಿಬ್ಬ, ಗುಡಿಯ ಮುಂದಣ ಎತ್ತರದ ಬಯಲು, ಮನೆಯ ಎದುರಿನ ಉಬ್ಬು ನೆಲ, ಇಂಥವೇ ಅದರ ಸ್ಥಾನಗಳು. ಮೇಲಿನ ಸಡಿಲು ಮಣ್ಣು ಕಳೆದು ಗಟ್ಟಿಯಾದ ಗರಸು ಸಿಕ್ಕಬೇಕು. ಅಗೆಯುವಾಗ ಮಣ್ಣು ಕೈಗೆ ತಣ್ಣಗೆ ಹತ್ತಿದರೆ, ಹಿಡಿದು ಅದುಮಿದಾಗ ಉಂಡೆಯಾಗಿ ನಿಂತರೆ, ಅಲ್ಲಿಗೆ ಆ ಗುಂಡಿಯನ್ನು ಬಿಟ್ಟು ಬೇರೆ ಕಡೆ ನೋಡುವುದು ಬುದ್ಧಿವಂತರ ಕ್ರಮ. ಹತ್ತಿರದ ಬಾವಿಯಲ್ಲಿ ಮಳೆಗಾಲದ ಕೊನೆಗೆ ನೀರು ಎಷ್ಟರವರೆಗೆ ಏರುವುದೋ ಅದಕ್ಕಿಂತ ಬಹಳ ಮೇಲೆಯೇ ಹಗೇವಿನ ತಳ ನಿಲ್ಲಬೇಕು. ಬೇಸಿಗೆಯ ನೀರಿನ ಮಟ್ಟವನ್ನು ನೋಡಿ ಮೋಸಹೋಗಬಾರದು.

ಆಮೇಲೆ ಆಕಾರ. ಹಗೇವಿನ ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟೇ ಕಿರಿದು. ಕಂಠವನ್ನು ದಾಟಿದ ಮೇಲೆ ಹೊಟ್ಟೆ ಅಗಲವಾಗುತ್ತದೆ. ನೀರು ಬರುವ ದಾರಿಗಳಲ್ಲಿ ಬಾಯಿಯೇ ದೊಡ್ಡದು, ಆದ್ದರಿಂದ ಅದನ್ನೇ ಚಿಕ್ಕದು ಮಾಡಿದರು. ತೋಡಿದ ಹಗೇವಿನೊಳಗೆ ಸೌದೆ, ಹುಲ್ಲು, ಕುಳ್ಳುಗಳನ್ನು ಹಾಕಿ ಉರಿಸುವುದು ಇನ್ನೊಂದು ಕ್ರಮ. ಇದರಿಂದ ಗೋಡೆಯ ಪಸೆ ಆರುತ್ತದೆ, ಮಣ್ಣಿನ ಮೈ ಹೆಂಚಿನಂತೆ ಕೊಂಚ ಗಟ್ಟಿಯಾಗುತ್ತದೆ, ಹುಳುಹುಪ್ಪಟೆಗಳೂ ಅಳಿಯುತ್ತವೆ. ಕೆಲವೆಡೆ ಕಲ್ಲು ಚಪ್ಪಡಿಗಳನ್ನು ಒಳಗೋಡೆಗೆ ಜೋಡಿಸುವುದುಂಟು. ಧಾನ್ಯ ತುಂಬುವ ಮೊದಲು ತಳಕ್ಕೂ ಸುತ್ತಲಿಗೂ ಒಣಹುಲ್ಲನ್ನು ದಪ್ಪನಾಗಿ ಕೊಡುತ್ತಾರೆ. ಗೋಡೆಯಲ್ಲಿ ಅಲ್ಪಸ್ವಲ್ಪ ತೇವ ಬಂದರೂ ಅದನ್ನು ಹುಲ್ಲು ಕುಡಿಯಬೇಕೇ ಹೊರತು ರಾಗಿ ಕುಡಿಯಕೂಡದು.

ರಾಗಿಯೂ ಒಣಗಿರಬೇಕು. ಇದು ನೀರಿನ ನಾಲ್ಕನೆಯ ದಾರಿ. ಮೇಲಿನಿಂದ, ಮಗ್ಗುಲಿನಿಂದ, ಕೆಳಗಿನಿಂದ ಬರುವ ನೀರನ್ನೆಲ್ಲ ತಡೆದವನು ತಾನೇ ಹೊತ್ತು ತಂದ ಧಾನ್ಯದಲ್ಲಿ ನೀರನ್ನು ಒಳಗೆ ಬಿಟ್ಟರೆ ಪ್ರಯೋಜನವಿಲ್ಲ. ಕಾಳಿನ ತೂಕದಲ್ಲಿ ನೂರಕ್ಕೆ ೧೨ ಭಾಗಕ್ಕಿಂತ ಹೆಚ್ಚು ತೇವ ಇರಬಾರದೆಂದು ಇಂದಿನ ಧಾನ್ಯಶಾಸ್ತ್ರ ಹೇಳುತ್ತದೆ. ಒಕ್ಕಣೆಯ ಬಳಿಕ ಕಣದಲ್ಲಿ ಬಿಸಿಲಿಗೆ ಹರವಿ, ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದ ರೈತನಿಗೆ ಈ ಅಂಕಿ ಗೊತ್ತಿರಲಿಲ್ಲ, ಅಂಕಿಯ ಅರ್ಥ ಗೊತ್ತಿತ್ತು. ತುಂಬಿದ ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ, ಸಂದಿಗೆ ಮಣ್ಣು ಸಗಣಿಗಳ ಮೆತ್ತಿಗೆ, ಎಲ್ಲದರ ಮೇಲೆ ಸುತ್ತಣ ನೆಲಕ್ಕಿಂತ ಎತ್ತರವಾಗಿ ಬಡಿದು ಕೂರಿಸಿದ ಮಣ್ಣಿನ ದಿಂಡು. ಬಿದ್ದ ಮಳೆ ಆ ದಿಂಡಿನ ಬೆನ್ನಿನಿಂದ ಜಾರಿ ದೂರ ಹೋಗುತ್ತದೆ. ಒಳಗೆ ಸೆರೆಯಾದ ಗಾಳಿಯಲ್ಲಿನ ಆಮ್ಲಜನಕವನ್ನು ಕಾಳೂ ಕೀಟಗಳೂ ಉಸಿರಾಡಿ ಮುಗಿಸುತ್ತವೆ. ಆ ಮೇಲೆ ಕೀಟ ಬದುಕದು. ಹಗೇವಿನ ರಾಗಿ ಬಹುಕಾಲ ಕೆಡದಿರುವುದರ ಗುಟ್ಟು ಇದೇ. ಬರಗಾಲಗಳು ಮತ್ತೆ ಮತ್ತೆ ಬರುತ್ತಿದ್ದ ಸೀಮೆಯಲ್ಲಿ ಮೂರು ನಾಲ್ಕು ವರ್ಷದ ರಾಗಿ ನೆಲದೊಳಗಿದ್ದರೆ ಮನೆ ಉಳಿಯಿತು, ಮಠದ ದಾಸೋಹವೂ ನಡೆಯಿತು. ಬಾಯಿಯ ಮೆತ್ತಿಗೆ ಒಂದೆಡೆ ಬಿರಿದು ಒಂದೇ ಇರುಳಿನ ಮಳೆ ಒಳಹೊಕ್ಕರೆ ಅಷ್ಟೂ ಮಣ್ಣುಪಾಲು. ಮುಗ್ಗಿದ ಧಾನ್ಯವನ್ನು ತೊಳೆದು ಒಣಗಿಸಿ ಉಣ್ಣುವುದು ಅಪಾಯಕರವೆಂಬುದನ್ನೂ ಇಲ್ಲಿಯೇ ಹೇಳಬೇಕು. ಕೆಲವು ಬೂಷ್ಟುಗಳು ಬಿಡುವ ವಿಷ ತೊಳೆದರೂ ಹೋಗದು, ಬೇಯಿಸಿದರೂ ಸಾಯದು. ಅಂಥದನ್ನು ದನಗಳಿಗೆ ಹಾಕುವುದೂ ತಪ್ಪು.

ಹೀಗೆ ನೋಡಿದರೆ ಹಗೇವಿನಲ್ಲಿ ನೀರಿನೊಡನೆ ಹೋರಾಟವೇ ಇಲ್ಲ. ನೀರು ಎಲ್ಲಿ ಬಾರದೋ ಅಲ್ಲಿ ತೋಡುವುದು, ಬಂದ ನೀರಿಗೆ ಹೊರಗೇ ದಾರಿ ತೋರಿಸುವುದು, ಇಷ್ಟೇ. ಇದೇ ಬುದ್ಧಿ ಈ ಸೀಮೆಯ ಮಣ್ಣಿನ ಮಾಳಿಗೆಮನೆಗಳಲ್ಲಿಯೂ ಉಂಟು. ಜಂತೆಗಳ ಮೇಲೆ ಮಣ್ಣನ್ನು ಹರವಿದ ಚಪ್ಪಟೆ ಮಾಡು ಸೋರದಿರಲೆಂದು ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಕರಲುಮಣ್ಣನ್ನು ಹಾಕುತ್ತಿದ್ದರು. ಬೆಳೆಗೆ ಶತ್ರುವಾದ ಈ ಚೌಳುಮಣ್ಣು ಮಾಳಿಗೆಗೆ ಮಿತ್ರ. ಅದರಲ್ಲಿರುವ ಸೋಡಿಯಂ ಲವಣದಿಂದ ಜೇಡಿಯ ಕಣಗಳು ನೀರು ತಾಕಿದೊಡನೆ ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ತುಂಬುತ್ತವೆ. ನೀರು ಇಳಿಯಲಾರದೆ ಇಳಿಜಾರು ಹಿಡಿದು ದೋಣಿಯಿಂದ ಹೊರಕ್ಕೆ ಬೀಳುತ್ತದೆ. ಅಲ್ಲಿ ಹುಲ್ಲೂ ಬೆಳೆಯದು, ಬೇರು ಇಳಿದು ತೂತಾಗುವ ಭಯವೂ ಇಲ್ಲ. ಆದರೆ ದೋಣಿಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಅದನ್ನು ಉದ್ದವಾಗಿ ಚಾಚಿಸುತ್ತಿದ್ದರೆಂಬುದನ್ನು ಇಂದು ಕೊಳವೆ ಹಾಕುವವರು ಗಮನಿಸಬೇಕು.

ದುರ್ಗದ ಕೋಟೆಗೆ ಹೋದ ವಿದ್ಯಾರ್ಥಿಗಳು ಇದನ್ನು ದೊಡ್ಡ ಪ್ರಮಾಣದಲ್ಲಿ ಕಾಣಬಹುದು. ಗೋಪಾಲಸ್ವಾಮಿ ಹೊಂಡ ತುಂಬಿ ಮಿಕ್ಕ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ ಸಂತೆಹೊಂಡಗಳ ಕಡೆಗೆ ಇಳಿಯುವ ವ್ಯವಸ್ಥೆ ಪ್ರಸಿದ್ಧವಾದುದು. ಇದನ್ನು ನೀರು ಕೂಡಿಡುವ ಜಾಣ್ಮೆಯೆಂದು ಎಲ್ಲರೂ ಹೊಗಳುತ್ತಾರೆ. ಬೆಟ್ಟದ ಮೇಲಣ ಮನೆ, ಕಣಜ, ಎಣ್ಣೆಯ ಕೊಳಗಳನ್ನು ನೀರಿನಿಂದ ಕಾಪಾಡುವ ಜಾಣ್ಮೆಯೂ ಅದೇ ಎಂಬುದನ್ನು ಹೇಳುವವರು ಕಡಮೆ. ಹರಿವಿಗೊಂದು ಮನೆ ಕೊಟ್ಟರೆ ಅದು ಮನುಷ್ಯರ ಮನೆಗೆ ಬಾರದು. ೧೭೭೯ರಲ್ಲಿ ಕೋಟೆ ಹೈದರಾಲಿಯ ವಶವಾದ ಮೇಲೆ ಅರಮನೆಗೆ ಸೂರು ಹೊದಿಸುವವರಿಲ್ಲದಿದ್ದರೂ ಅದರ ಮಣ್ಣುಗೋಡೆಗಳ ಅವಶೇಷಗಳು ಇಂದಿಗೂ ನಿಂತಿವೆ. ಕಾಲ ಬುಡದಲ್ಲಿ ನೀರು ನಿಲ್ಲದಿದ್ದರೆ ಮಣ್ಣೂ ಎಷ್ಟು ಕಾಲ ಬಾಳುವುದೆಂಬುದಕ್ಕೆ ಅದು ನಿದರ್ಶನ. ಹತ್ತಿರದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವು ಕೆರೆಯ ನಿರ್ಮಾಣವನ್ನೇ ಹೇಳುತ್ತದೆ. ಅಲ್ಲಿಯೇ ಬಂಡೆಗಳ ಕೆಳಗೆ ಇಳಿದುಹೋಗುವ ಅಂಕಲಿಮಠದ ಗುಹಾಕೋಣೆಗಳೂ ಇವೆ. ಒಂದೇ ಕಣಿವೆಯಲ್ಲಿ ನೀರಿಗೊಂದು ಸ್ಥಾನ, ತಪಸ್ಸಿಗೊಂದು ಸ್ಥಾನ.

ಇನ್ನು ಇಂದಿನ ನೆಲಮಾಳಿಗೆಯ ವಿಚಾರ. ಈ ಜಿಲ್ಲೆಯಲ್ಲಿ ಮಳೆ ಕಡಮೆ, ಆದ್ದರಿಂದ ಭಯವಿಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಮಳೆ ಕಡಮೆಯೆಂಬುದು ನಿಜ. ಆದರೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಅದು ಕೆಲವೇ ದಿನಗಳಲ್ಲಿ ಒಮ್ಮೆಗೇ ಸುರಿಯುತ್ತದೆ. ನೆಲಕ್ಕೆ ಬೇಕಾದುದು ವರ್ಷದ ಲೆಕ್ಕವಲ್ಲ, ಆ ರಾತ್ರಿಯ ಲೆಕ್ಕ. ಅಂತರ್ಜಲದ ವಿಷಯದಲ್ಲಿ ಮೋಸ ಇನ್ನೂ ದೊಡ್ಡದು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದುದು ಬಿಟ್ಟರೆ, ಮತ್ತೆ ಹರಿದದ್ದು ೨೦೨೨ರ ಸೆಪ್ಟೆಂಬರಿನಲ್ಲಿ, ೮೯ ವರ್ಷಗಳ ಮೇಲೆ. ಈ ನಡುವೆ ಮೂರು ತಲೆಮಾರು ಹುಟ್ಟಿ ಬೆಳೆಯಿತು. ನೂರಾರು ಅಡಿ ಕೊರೆದರೂ ನೀರಿಲ್ಲದ ಕೊಳವೆಬಾವಿಗಳನ್ನು ಕಂಡ ಜನಕ್ಕೆ, ನೀರು ಹತ್ತಡಿಯಲ್ಲಿ ನಿಲ್ಲುವ ಕಾಲವೂ ಉಂಟೆಂಬುದು ಕಥೆಯಂತೆ ತೋರಿತು. ಅಂಥ ಒಣ ವರ್ಷಗಳನ್ನೇ ನಂಬಿ ತಗ್ಗಿನಲ್ಲಿ, ಕೆರೆಯಂಗಳದ ಅಂಚಿನಲ್ಲಿ, ಮುಚ್ಚಿದ ರಾಜಕಾಲುವೆಯ ಮೇಲೆ ಪಾಯ ತೆಗೆಯುವುದುಂಟು. ೨೦೨೫ರ ಜನವರಿಯಲ್ಲಿ ಸಾಗರ ಮತ್ತೆ ತುಂಬಿ ಹರಿಯಿತು. ಒಮ್ಮೆ ನೀರು ನಿಂತ ಜಾಗಕ್ಕೆ ನೀರು ಮತ್ತೆ ಬಂದೇ ಬರುತ್ತದೆ, ಎಷ್ಟು ತಡವಾದರೂ.

ಗೋಡೆಯ ಹೊರಗೆ ಮಣ್ಣಿನಲ್ಲಿ ೧ ಮೀಟರ್ ಎತ್ತರ ನೀರು ನಿಂತರೆ ಬುಡದ ಒಂದೊಂದು ಚದರ ಮೀಟರಿನ ಮೇಲೂ ೧೦೦೦ ಕಿಲೋಗ್ರಾಂ ಭಾರ ಒತ್ತುತ್ತದೆ. ೨ ಮೀಟರ್ ನಿಂತರೆ ಅದು ಇಮ್ಮಡಿ. ಈ ಒತ್ತಡ ಗೋಡೆಯನ್ನು ಮಾತ್ರವಲ್ಲ, ನೆಲಗಟ್ಟನ್ನೂ ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಹೀಗಿರುವಾಗ ಒಳಗೋಡೆಗೆ ಸಿಮೆಂಟು ಗಿಲಾವನ್ನೋ ಬಣ್ಣವನ್ನೋ ಬಳಿದು ನೀರನ್ನು ನಿಲ್ಲಿಸುತ್ತೇವೆಂಬುದು ಬಾಗಿಲನ್ನು ಹೊರಗಿನಿಂದ ತಳ್ಳುವವನಿಗೆ ಒಳಗಿನಿಂದ ಕಾಗದ ಅಂಟಿಸಿದಂತೆ. ಎರಡು ಮಳೆಗಾಲದಲ್ಲಿ ಅದು ಉಬ್ಬಿ ಉದುರುತ್ತದೆ. ಹಳೆಯ ಮಣ್ಣುಗೋಡೆಗೆ ಸಿಮೆಂಟು ಬಳಿಯುವುದಂತೂ ಇನ್ನೂ ಕೆಟ್ಟದ್ದು. ಗೋಡೆಯ ಪಸೆ ಉಸಿರಾಡಲು ದಾರಿಯಿಲ್ಲದೆ ಒಳಗೇ ನಿಂತು ಮಣ್ಣು ಕೊಳೆಯುತ್ತದೆ. ಬೆಲ್ಲ, ಅಳಲೆಕಾಯಿಯ ನೀರು ಬೆರೆಸಿ ಅರೆದ ಸುಣ್ಣದ ಗಾರೆಯನ್ನು ಹಿಂದಿನವರು ಬಳಸಿದ್ದು ಸಿಮೆಂಟು ಸಿಕ್ಕದೆ ಇದ್ದುದರಿಂದ ಮಾತ್ರವಲ್ಲ. ಸುಣ್ಣ ತೇವವನ್ನು ಹೊರಕ್ಕೆ ಬಿಡುತ್ತದೆ.

ನೆಲದ ಗುಣವೂ ನಾಲ್ಕು ತಾಲ್ಲೂಕಿಗೆ ಒಂದೇ ಅಲ್ಲ. ಹೊಸದುರ್ಗ ಹೊಳಲ್ಕೆರೆಗಳ ಕೆಮ್ಮಣ್ಣಿನ ಮರಳು ನೆಲದಲ್ಲಿ ನೀರು ಬೇಗ ಇಳಿಯುತ್ತದೆ, ಬೇಗ ಗೋಡೆಗೂ ಬರುತ್ತದೆ. ಹೊರಗೊಂದು ಚರಂಡಿಯನ್ನು ಮಾಡಿಕೊಟ್ಟರೆ ಬೇಗ ಹೋಗುತ್ತದೆ ಕೂಡ. ಹಿರಿಯೂರಿನ ಎರೆಭೂಮಿ ಹಾಗಲ್ಲ. ಎರೆ ನೆನೆದಾಗ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮುಂದಿನ ಮಳೆಯ ನೀರು ಆ ಬಿರುಕಿನಲ್ಲೇ ನೇರವಾಗಿ ಪಾಯಕ್ಕೆ ಇಳಿಯುತ್ತದೆ. ಎರೆಯಲ್ಲಿ ನೆಲಮಾಳಿಗೆಯ ಆಸೆಯನ್ನು ಬಿಡುವುದೇ ಮೇಲು. ಬಿಡಲಾಗದವರು ಗೋಡೆಯ ಸುತ್ತ ಅಗಲವಾಗಿ ಎರೆಯನ್ನು ತೆಗೆಸಿ ಗರಸು ತುಂಬಿಸಬೇಕು. ಚಿತ್ರದುರ್ಗದ ಬಂಡೆಯ ಮಗ್ಗುಲಿನ ಬೀದಿಗಳಲ್ಲಿ ಕಷ್ಟ ಬೇರೆ ರೀತಿಯದು: ಅಲ್ಲಿ ಬಂಡೆಯ ಮೈಯಿಂದ ಜಾರಿ ಬಂದ ನೀರು ಮಣ್ಣಿಗೂ ಕಲ್ಲಿಗೂ ನಡುವಣ ಸಂದಿಯಲ್ಲಿ ಹರಿದು ಪಾಯದ ಹಿಂಬದಿಗೆ ಸೇರುತ್ತದೆ. ಅದನ್ನು ಮನೆಯ ಮೇಲ್ಗಡೆಯಲ್ಲೇ ಅಡ್ಡ ಚರಂಡಿ ಹಿಡಿದು ತಿರುಗಿಸಬೇಕು.

ಈಗಾಗಲೇ ನೆಲಮಾಳಿಗೆ ಇದ್ದು ಅದು ತೇವಗೊಂಡಿದ್ದರೆ ಮೊದಲು ನೀರು ಎಲ್ಲಿಯದೆಂದು ತಿಳಿಯಬೇಕು. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕು ಅಂಚೂ ಬಿಗಿದು ಅಂಟಿಸಿ ಎರಡು ದಿನ ಬಿಟ್ಟು ನೋಡುವುದು ಸುಲಭವಾದ ಪರೀಕ್ಷೆ. ಹಾಳೆಯ ಹಿಂದೆ ಹನಿಗಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹಾಳೆಯ ಮುಂದೆ ಹನಿಗಟ್ಟಿದ್ದರೆ ಅದು ಗಾಳಿಯ ತೇವ. ಹೊರಗಿನ ಬೆಚ್ಚನೆಯ ಹಸಿಗಾಳಿ ತಣ್ಣನೆಯ ಗೋಡೆಗೆ ತಾಕಿ ನೀರಾಗಿದೆ. ಎರಡನೆಯದಕ್ಕೆ ಮಳೆಯ ದಿನ ಕಿಟಕಿಗಳನ್ನು ತೆರೆದಿಡುವುದು ಮದ್ದಲ್ಲ, ಅದು ರೋಗವನ್ನೇ ಒಳಗೆ ಕರೆದಂತೆ. ಒಣಗಾಳಿಯ ದಿನಗಳಲ್ಲಿ ತೆರೆದು ಮಳೆಯ ದಿನ ಮುಚ್ಚಬೇಕು. ಮಳೆಯಿಲ್ಲದ ಮಾಘ ಫಾಲ್ಗುಣಗಳಲ್ಲೂ ಗೋಡೆಯ ಒಂದೇ ಕಡೆ ತೇವ ಇದ್ದರೆ ಅದು ಮಳೆಯ ತಪ್ಪಲ್ಲ. ಮಗ್ಗುಲಿನ ಸಂಪು, ಬಚ್ಚಲಿನ ಕೊಳವೆ, ಶೌಚದ ಗುಂಡಿಗಳನ್ನು ನೋಡಬೇಕು. ಸಂಪನ್ನು ತುಂಬಿ, ನೀರಿನ ಮಟ್ಟಕ್ಕೊಂದು ಗೆರೆ ಎಳೆದು, ಒಂದು ರಾತ್ರಿ ಬಳಸದೆ ಬಿಟ್ಟರೆ ಸೋರಿಕೆ ತಾನಾಗಿ ತಿಳಿಯುತ್ತದೆ.

ನೀರು ಗೋಡೆಯಿಂದ ಬರುತ್ತಿದೆಯೆಂದು ಖಚಿತವಾದರೆ ಕೆಲಸ ಹೊರಗಿನಿಂದ ಒಳಕ್ಕೆ, ಮೇಲಿನಿಂದ ಕೆಳಕ್ಕೆ ನಡೆಯಬೇಕು. ತಾರಸಿಯ ನೀರಿನ ಕೊಳವೆಗಳನ್ನು ಗೋಡೆಯ ಬುಡದಲ್ಲಿ ಬಿಡದೆ ದೂರಕ್ಕೆ ಒಯ್ಯಬೇಕು. ಮನೆಯ ಸುತ್ತಣ ನೆಲವನ್ನು ಹತ್ತು ಅಡಿಗೆ ಆರು ಅಂಗುಲದಷ್ಟಾದರೂ ಹೊರಕ್ಕೆ ಇಳಿಜಾರು ಮಾಡಬೇಕು. ಹಗೇವಿನ ಮೇಲಣ ದಿಂಡು ಇದೇ ಅಲ್ಲವೇ? ವಾಹನ ಇಳಿಯುವ ದಾರಿ ಇದ್ದರೆ ಅದರ ತಲೆಯಲ್ಲಿ ರಸ್ತೆಗಿಂತ ಎತ್ತರದ ಉಬ್ಬನ್ನೂ, ಬುಡದಲ್ಲಿ ಅಡ್ಡ ಕಾಲುವೆಯನ್ನೂ ಕಟ್ಟಬೇಕು. ಬಹುಪಾಲು ಮನೆಗಳಿಗೆ ಇಷ್ಟೇ ಸಾಕಾಗುತ್ತದೆ, ಖರ್ಚೂ ಕಡಮೆ. ಸಾಲದಿದ್ದರೆ ಗೋಡೆಯ ಹೊರಗೆ ಪಾಯದ ಮಟ್ಟದವರೆಗೆ ಅಗೆದು, ಹೊರಮೈಗೆ ಡಾಂಬರಿನಂಥ ಲೇಪ ಕೊಟ್ಟು, ಬುಡದಲ್ಲಿ ತೂತುಗಳುಳ್ಳ ಕೊಳವೆಯನ್ನಿಟ್ಟು, ಮೇಲೆ ಜಲ್ಲಿ ತುಂಬಿ ತಗ್ಗಿನ ಕಡೆಗೆ ನೀರನ್ನು ಹರಿಸಬೇಕು. ಹರಿಸಲು ತಗ್ಗಿಲ್ಲದವರಿಗೆ ಮಾತ್ರ ಗುಂಡಿ ಮತ್ತು ಪಂಪು. ಮನೆ ಇನ್ನೂ ಕಟ್ಟಬೇಕಾಗಿದ್ದರೆ ಇವೆಲ್ಲ ಪಾಯದ ಹೊತ್ತಿನಲ್ಲಿ ಅಲ್ಪ ಖರ್ಚಿನಲ್ಲಿ ಆಗುತ್ತವೆ. ಆಗ ಉಳಿಸಿದ ಹಣ ಆಮೇಲೆ ಹತ್ತು ಪಾಲಾಗಿ ಹೋಗುತ್ತದೆ.

ನೆಲಮಾಳಿಗೆಗೆ ನೀರು ನುಗ್ಗಿದಾಗ ಆಸ್ತಿಗಿಂತ ಜೀವ ದೊಡ್ಡದು. ೨೦೨೪ರ ಜುಲೈ ೨೭ರಂದು ದೆಹಲಿಯ ಹಳೆ ರಾಜೇಂದ್ರನಗರದಲ್ಲಿ ಒಂದು ತರಬೇತಿ ಕೇಂದ್ರದ ನೆಲಮಾಳಿಗೆಯ ಗ್ರಂಥಾಲಯಕ್ಕೆ ಮಳೆನೀರು ನುಗ್ಗಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳು ಮಡಿದರು. ೨೦೨೫ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ವಸತಿ ಸಮುಚ್ಚಯದ ನೆಲಮಾಳಿಗೆಯಿಂದ ಮಳೆನೀರನ್ನು ಹೊರಹಾಕುವಾಗ ವಿದ್ಯುತ್ತು ತಗಲಿ ಒಬ್ಬ ಬಾಲಕನೂ ಸೇರಿ ಇಬ್ಬರು ತೀರಿಕೊಂಡರು. ಕೆಳಗೆ ಮಕ್ಕಳ ಓದುವ ಕೋಣೆಯನ್ನಾಗಲಿ ಮಲಗುವ ಕೋಣೆಯನ್ನಾಗಲಿ ಮಾಡಬಾರದು. ವಿದ್ಯುತ್ತಿನ ಗುಂಡಿಗಳನ್ನು ಎದೆಯ ಮಟ್ಟಕ್ಕಿಂತ ಮೇಲಿಡಬೇಕು. ಮುಖ್ಯ ಗುಂಡಿ ಮೇಲಿನ ಅಂತಸ್ತಿನಲ್ಲಿರಬೇಕು, ಅದನ್ನು ಆರಿಸದೆ ನೀರಿಗೆ ಕಾಲಿಡಕೂಡದು.

ಹಳೆಯ ಹಗೇವಿನ ಅಪಾಯ ನೀರಿಗಿಂತ ಗಾಳಿಯದು. ಬಹುದಿನ ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಇಲ್ಲವಾಗಿ ಇಂಗಾಲದ ಡೈ ಆಕ್ಸೈಡು ತಳದಲ್ಲಿ ತುಂಬಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನವರು ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗದಲ್ಲಿ ದೀಪವನ್ನಿಳಿಸಿ, ಅದು ಉರಿದರೆ ಮಾತ್ರ ಇಳಿಯುತ್ತಿದ್ದರು. ದೀಪ ಆರಿದರೆ ಇಳಿಯಲೇಬಾರದು. ಉರಿದರೂ ಅದೊಂದನ್ನೇ ನಂಬದೆ ಗಾಳಿ ಊದಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಎಳೆಯುವವರಿದ್ದಾಗಲೇ ಇಳಿಯತಕ್ಕದ್ದು. ಒಳಗೆ ಬಿದ್ದವನನ್ನು ಎತ್ತಲೆಂದು ಹಾಗೆಯೇ ಧುಮುಕಿದವನು ಎರಡನೆಯ ಶವವಾಗುತ್ತಾನೆ.

ಮರೆತ ಹಗೇವು ಮನೆಯ ಕೆಳಗೇ ಇರಬಹುದು. ಗದಗ ಜಿಲ್ಲೆಯ ನರಗುಂದದಲ್ಲಿ ೨೦೧೯ರಿಂದೀಚೆಗೆ ಮನೆಗಳ ಒಳಗೂ ಬೀದಿಗಳಲ್ಲೂ ನೆಲ ಕುಸಿದ ಪ್ರಸಂಗಗಳಿಗೆ ಹಳೆಯ ಹಗೇವುಗಳೂ ಮೇಲೇರಿದ ಅಂತರ್ಜಲವೂ ಕಾರಣವೆಂದು ತಿಳಿಯಲಾಯಿತು. ಆದ್ದರಿಂದ ಹಳೆಯ ಕೇರಿಗಳಲ್ಲಿ ಪಾಯ ತೆಗೆಸುವ ಮುನ್ನ ಊರಿನ ಹಿರಿಯರನ್ನು, ಮುಖ್ಯವಾಗಿ ವಯಸ್ಸಾದ ಹೆಣ್ಣುಮಕ್ಕಳನ್ನು, ಹಗೇವು ಎಲ್ಲಿತ್ತೆಂದು ವಿಚಾರಿಸಬೇಕು. ಯಾವ ಹಗೇವಿನ ಬಾಯಿ ಯಾರ ಮನೆಯ ಮುಂದಿತ್ತೆಂಬುದು ಅವರಿಗೆ ನೆನಪಿರುತ್ತದೆ. ಸಿಕ್ಕ ಹಗೇವನ್ನು ಕಸಕಡ್ಡಿಯಿಂದ ತುಂಬಿಸಿದರೆ ಕಸ ಕೊಳೆತು ಕುಗ್ಗಿ ಮತ್ತೆ ಟೊಳ್ಳಾಗುತ್ತದೆ. ತಳದ ಹುಲ್ಲು ಹೊಟ್ಟುಗಳನ್ನೆಲ್ಲ ತೆಗೆದು, ಗರಸನ್ನು ಅರ್ಧರ್ಧ ಅಡಿಯಷ್ಟು ಹಾಕಿ, ಒಂದೊಂದು ಪದರಕ್ಕೂ ತುಸು ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿದು, ಕಂಠದವರೆಗೆ ತಂದು, ಬಾಯಿಯ ಮೇಲೆ ಸುತ್ತಣ ನೆಲಕ್ಕಿಂತ ಒಂದು ಗೇಣು ಎತ್ತರ ಬಿಡಬೇಕು. ಮೊದಲ ಮಳೆಗಾಲ ಕಳೆದ ಮೇಲೆ ಅದು ಇಳಿದಿದ್ದರೆ ಮತ್ತೆ ತುಂಬಿ ಬಡಿಯಬೇಕು.